ಎರಡು ಸೆಂಟಿಮೀಟರ್ ಬಾಕಿ

ಬೇಸಿಗೆ ರಜೆ ಬಂತೆಂದರೆ ಮಕ್ಕಳಿರುವ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಏಳುತ್ತದೆ: ‘ಈ ಸಲ ಎಲ್ಲಿಗೆ?’ ಹಿಂದೆಲ್ಲ ಇದಕ್ಕೆ ಉತ್ತರ ಸುಲಭವಾಗಿತ್ತು. ಅಜ್ಜಿಯ ಊರು, ಇಲ್ಲವೆ ಯಾವುದಾದರೊಂದು ಜಾತ್ರೆ. ಸ್ವಲ್ಪ ಅನುಕೂಲವಿದ್ದವರು ಹಂಪಿ, ಹೊಸಪೇಟೆಯ ಡ್ಯಾಮು ನೋಡಿ ಬರುತ್ತಿದ್ದರು. ಈಗಿನ ಮಕ್ಕಳ ಉತ್ತರ ಬೇರೆ. ಶಾಲೆಯ ಪ್ರವಾಸಕ್ಕೆ ಹೋಗಿ ಬಂದ ಗೆಳತಿಯ ಬಾಯಿಂದ, ಇಲ್ಲವೆ ಅಪ್ಪನ ಮೊಬೈಲಿನ ಪರದೆಯಿಂದ ಆ ಉತ್ತರ ಮೊದಲೇ ಸಿದ್ಧವಾಗಿ ಬಂದಿರುತ್ತದೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ, ವೇದಾವತಿ ಹಗರಿಗೆ ಹತ್ತಿರದ ಒಂದು ಓಣಿಯ ಮನೆಯಲ್ಲೂ ಹೀಗೇ ಆಯಿತು. ಸಾಧಾರಣ ರೈತ ಕುಟುಂಬ. ಅಪ್ಪ, ಅವ್ವ, ಅಜ್ಜಿ. ಐದನೆಯ ತರಗತಿಯ ಹತ್ತು ವರ್ಷದ ಮಗಳು. ಅಂಗನವಾಡಿಗೆ ಹೋಗುವ ನಾಲ್ಕು ವರ್ಷದ ಮಗ. ಜೊತೆಗೆ ಒಂದು ಎಮ್ಮೆ. ಮಗಳ ಉತ್ತರ ಒಂದೇ: ಬಿಡದಿಯ ವಂಡರ್‌ಲಾ. ಬೆಂಗಳೂರು-ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದಲ್ಲಿ 2005ರಲ್ಲಿ ಆರಂಭವಾದ ಆ ಉದ್ಯಾನದ ಹೆಸರನ್ನು ಅವಳು ದೇವಸ್ಥಾನದ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಿದ್ದಳು.

ಅಪ್ಪ ಇಲ್ಲವೆಂದಿರಲಿಲ್ಲ. ‘ಹೋಗಾಣ’ ಎಂದು ಒಂದಲ್ಲ, ಎರಡು ಸಲ ಹೇಳಿದ್ದ. ತೊಂದರೆ ಇದ್ದದ್ದು ಅಲ್ಲೇ. ಮೊದಲ ಸಲ ಹೇಳಿದ್ದು 2024ರ ಬೇಸಿಗೆಗೆ. ಆದರೆ 2023ರಲ್ಲಿ ಬರ ಬಿತ್ತು, ತುಂಗಭದ್ರೆ ತುಂಬಲಿಲ್ಲ, ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬರಲಿಲ್ಲ. ಎರಡನೆಯ ಸಲ ಹೇಳಿದ್ದು ಅದೇ ವರ್ಷದ ದಸರೆಗೆ. ಡ್ಯಾಮು ತುಂಬಿತ್ತು, ಮಗಳು ದಿನ ಎಣಿಸುತ್ತಿದ್ದಳು. ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು, ಮಳೆಯೂ ಕೈಹಿಡಿಯಿತು, ಬೆಳೆ ಉಳಿಯಿತು. ಆದರೆ ಆ ವಾರದಲ್ಲಿ ರಾರಾವಿಯ ಎಷ್ಟೋ ಮನೆಗಳಲ್ಲಿ ಖರ್ಚಿನ ಮಾತು ನಿಂತುಹೋಗಿತ್ತು. ಮಗಳು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ದಸರೆ ಬಂತು, ಹೋಯಿತು.

ಆದ್ದರಿಂದ 2025ರ ಬೇಸಿಗೆಯಲ್ಲಿ ಎರಡನೆಯ ಬೆಳೆಯ ಭತ್ತ ಮನೆಗೆ ಬಂದು, ಸಾಲಕ್ಕೆ ಕೊಡುವುದನ್ನು ಕೊಟ್ಟು, ಕೈಯಲ್ಲಿ ಸ್ವಲ್ಪ ಉಳಿದಾಗ ಅಪ್ಪ ತಾನಾಗಿಯೇ ಮಾತೆತ್ತಿದ. ಊಟವಾದ ಮೇಲೆ ಮಗಳ ಹಳೆಯ ಗಣಿತದ ನೋಟುಬುಕ್ಕಿನ ಖಾಲಿ ಹಾಳೆಯಲ್ಲಿ ಯೋಜನೆ ಶುರುವಾಯಿತು.

ಗಂಡಸರ ಯೋಜನೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಹೇಗೂ ಅಷ್ಟು ದೂರ ಹೋಗುತ್ತೇವಲ್ಲ! ಬೆಂಗಳೂರು, ಬಿಡದಿ, ಮೈಸೂರು, ಊಟಿ, ಬರುವಾಗ ಧರ್ಮಸ್ಥಳ. ನಾಲ್ಕು ದಿನ, ಬಾಡಿಗೆ ಕಾರು. ಅವ್ವ ಪಾತ್ರೆ ತೊಳೆಯುತ್ತಲೇ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು: ‘ಇದರಾಗ ಸಣ್ಣವ ಮಲಗೋದು ಯಾವಾಗರೀ?’

ನಾಲ್ಕು ವರ್ಷದ ಮಗುವಿನ ನಿದ್ದೆ, ಹಸಿವು, ಶೌಚ ಇವು ಯಾವ ಟೈಮ್ ಟೇಬಲ್ಲಿಗೂ ಬಗ್ಗುವಂಥವಲ್ಲ. ಬಿಸಿಲೂ ಅಷ್ಟೆ. ದೇಹದ ತೂಕಕ್ಕೆ ಹೋಲಿಸಿದರೆ ಸಣ್ಣ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಸುಡುವ ಬಿಸಿಲಿನಲ್ಲಿ ಅವರ ಮೈ ಬೇಗ ಕಾಯುತ್ತದೆ, ನೀರಿನ ಅಂಶವೂ ಬೇಗ ಇಳಿಯುತ್ತದೆ. ಅವ್ವ ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವಳಲ್ಲ. ಜಾತ್ರೆಯಲ್ಲಿ ಮಗನನ್ನು ಎತ್ತಿಕೊಂಡು ತಿರುಗಿ ಕಲಿತವಳು. ಅವಳ ಮಾತಿಗೆ ಊಟಿ ಮೊದಲು ಬಿತ್ತು, ಆಮೇಲೆ ಮೈಸೂರು, ಕೊನೆಗೆ ಧರ್ಮಸ್ಥಳ. ‘ದೇವರ ಹತ್ರ ಬ್ಯಾರೆ ಹೋದರಾತು, ಆಟದ ಜೊತಿ ಕಟ್ಟಿ ಅಲ್ಲ’ ಎಂದು ಅಜ್ಜಿಯೂ ದನಿಗೂಡಿಸಿದಳು.

ಹೋಗುವ ದಾರಿಗೂ ಲೆಕ್ಕ ನಡೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಅವ್ವನಿಗೂ ಮಗಳಿಗೂ ಟಿಕೇಟಿನ ಖರ್ಚಿಲ್ಲ. ಆರು ತುಂಬದ ಮಗನಿಗಂತೂ ಇಲ್ಲವೇ ಇಲ್ಲ. ಬೆಂಗಳೂರಿನವರೆಗೂ ಹಾಗೇ ಬಸ್ಸು ಬದಲಿಸುತ್ತ ಹೋದರೆ ಅಪ್ಪನೊಬ್ಬನ ಟಿಕೇಟು ಸಾಕು. ಆದರೆ ಬಳ್ಳಾರಿಯಿಂದ ಬೆಂಗಳೂರಿಗೆ 300 ಕಿ.ಮೀ.ಗೂ ಮಿಕ್ಕಿದ ದಾರಿ, ಮೇ ತಿಂಗಳ ಹಗಲು, ಮಡಿಲಲ್ಲಿ ಮಗು. ಬಸ್ಸಿನಲ್ಲಿ ಉಳಿದ ದುಡ್ಡನ್ನು ಔಷಧಿ ಅಂಗಡಿಗೆ ಕೊಡುವುದು ಬೇಡವೆಂದು, ರಾರಾವಿಯಿಂದ ಬಳ್ಳಾರಿಗೆ ಬಸ್ಸು, ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ರೈಲು ಎಂದು ತೀರ್ಮಾನವಾಯಿತು. ಐದರೊಳಗಿನ ಮಗುವಿಗೆ ರೈಲಿನಲ್ಲಿ ಬೇರೆ ಬರ್ತ್ ಕೇಳದಿದ್ದರೆ ಟಿಕೇಟು ಬೇಕಿಲ್ಲ. ಮಗಳಿಗೆ ಬರ್ತ್ ಬೇಕು; ಬೇಕೆಂದರೆ 2016ರ ನಿಯಮದಂತೆ ಪೂರ್ತಿ ದರ. ಅದನ್ನೂ ಬರೆದುಕೊಂಡರು.

ಇನ್ನು ಉದ್ಯಾನದ ಟಿಕೇಟು. ಅಪ್ಪ ಮೊಬೈಲ್ ನೋಡುತ್ತ ಆಶ್ಚರ್ಯಪಟ್ಟ. ‘ಇಲ್ಲಿ ಟಿಕೇಟು ವಯಸ್ಸಿಗಲ್ಲ, ಎತ್ತರಕ್ಕೆ!’ 85 ಸೆಂ.ಮೀ. ಒಳಗಿನವರಿಗೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೇಟು, ಅದಕ್ಕೆ ಮೇಲೆ ದೊಡ್ಡವರದು. ಕೂಡಲೆ ಟೇಪು ಬಂತು. ನಡುಮನೆಯ ಗೋಡೆಗೆ ಇಬ್ಬರನ್ನೂ ನಿಲ್ಲಿಸಿ, ತಲೆಯ ಮೇಲೆ ನೋಟುಬುಕ್ಕನ್ನು ಅಡ್ಡಲಾಗಿ ಹಿಡಿದು, ಪೆನ್ಸಿಲ್ಲಿನಿಂದ ಗೆರೆ ಎಳೆದ. ಮಗ 98 ಸೆಂ.ಮೀ. ಮಗಳು 138. ‘ಇಬ್ಬರಿಗೂ ಮಕ್ಕಳ ಟಿಕೇಟೇ’ ಎಂದು ಅಪ್ಪನಿಗೆ ಖುಷಿಯೋ ಖುಷಿ.

ಮಗಳು ಅಷ್ಟರಲ್ಲಿ ಮೊಬೈಲಿನ ಇನ್ನೊಂದು ಪುಟ ತೆರೆದಿದ್ದಳು. ಅತಿ ವೇಗದ ಆಟಗಳ ಕೆಳಗೆ ಒಂದು ಸಾಲಿತ್ತು: ಕನಿಷ್ಠ ಎತ್ತರ 140 ಸೆಂ.ಮೀ. ಅವಳು ಅದನ್ನು ಎರಡು ಸಲ ಓದಿದಳು. ಮೊಬೈಲನ್ನು ಅಪ್ಪನ ಪಕ್ಕದಲ್ಲಿಟ್ಟು ಹಿತ್ತಲಿಗೆ ಹೋದಳು. ಎರಡು ವರ್ಷ ಕಾದು, ಎಲ್ಲ ಕೂಡಿಬಂದ ಹೊತ್ತಿನಲ್ಲಿ ಬಾಕಿ ಉಳಿದದ್ದು ಎರಡು ಸೆಂಟಿಮೀಟರ್. ಎರಡು ಬೆರಳಿನಷ್ಟೂ ಇಲ್ಲ.

ಈ ನಿಯಮ ಮಕ್ಕಳಿಗೆ ಅನ್ಯಾಯವೆಂದು ತೋರುವುದು ಸಹಜ. ಜಾತ್ರೆಯ ತೊಟ್ಟಿಲಿಗೆ ಯಾರೂ ಟೇಪು ಹಿಡಿಯುವುದಿಲ್ಲವಲ್ಲ! ಆದರೆ ತೊಟ್ಟಿಲು ನಿಧಾನವಾಗಿ ಒಂದೇ ವೇಗದಲ್ಲಿ ಸುತ್ತುವ ಚಕ್ರ. 1893ರಲ್ಲಿ ಷಿಕಾಗೋದ ಜಾಗತಿಕ ಮೇಳದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರ ನಿಲ್ಲಿಸಿದಾಗಲೂ ಅದರಲ್ಲಿ ಕುಳಿತವರ ಮೈಗೆ ಹೆಚ್ಚಿನ ಭಾರವೇನೂ ಬಿದ್ದಿರಲಿಲ್ಲ. ರೋಲರ್ ಕೋಸ್ಟರಿನ ಮಾತು ಬೇರೆ. ಅದನ್ನು ಮೋಟಾರು ಮೇಲಕ್ಕೆ ಎಳೆದು ಬಿಡುತ್ತದೆ. ಅಲ್ಲಿಂದ ಗುರುತ್ವ ಅದನ್ನು ಕೆಳಗೆ ಎಳೆಯುತ್ತದೆ. ನೀರು ತುಂಬಿದ ಬಕೆಟ್ಟನ್ನು ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿಸಿ ನೋಡಿದವರಿಗೆ ಗೊತ್ತು: ಬಕೆಟ್ಟು ಕೆಳಗೆ ಬಂದಾಗ ತೋಳು ಕಿತ್ತುಬರುವಂತೆ ಭಾರವಾಗುತ್ತದೆ. ಕೋಸ್ಟರು ತಿರುವಿನ ತಳಕ್ಕೆ ಬಂದಾಗ ಕುಳಿತವರ ಗತಿಯೂ ಅದೇ. ಮೈಭಾರ ಮೂರು ಪಟ್ಟಾದರೆ 30 ಕೆ.ಜಿ. ತೂಗುವ ಮಗುವಿಗೆ ತನ್ನ ಮೈ 90 ಕೆ.ಜಿ. ಆದಂತೆ ಭಾಸವಾಗುತ್ತದೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೆಯ ಒಂದು ಭಾಗ. ದೊಡ್ಡವರಲ್ಲಿ ಸುಮಾರು ಎಂಟನೆಯ ಒಂದು ಭಾಗ. ಬೆಳೆಯುವ ಮಗುವಿನ ಕತ್ತು ಇನ್ನೂ ಆ ದೊಡ್ಡ ತಲೆಯನ್ನು ಹೊರಲು ಕಲಿಯುತ್ತಿರುತ್ತದೆ. ಅಲ್ಲದೆ ಹೆಗಲನ್ನೂ ತೊಡೆಯನ್ನೂ ಅದುಮಿ ಹಿಡಿಯುವ ಸರಳುಗಳನ್ನು ಇಂತಿಷ್ಟು ದೇಹಕ್ಕೆಂದೇ ಮಾಡಿರುತ್ತಾರೆ. ಮೈ ಚಿಕ್ಕದಾದರೆ ಸಂದು ಉಳಿಯುತ್ತದೆ. ಯಂತ್ರಕ್ಕೆ ಮಗುವಿನ ಹುಟ್ಟಿದ ದಿನ ಬೇಕಿಲ್ಲ, ಅಳತೆ ಬೇಕು.

ಮಗಳು ಸುಮ್ಮನೆ ಕೂಡಲಿಲ್ಲ. ಮರುದಿನ ಬೆಳಗ್ಗೆ ಎದ್ದ ಕೂಡಲೆ ಗೋಡೆಗೆ ನಿಂತು ತಮ್ಮನ ಕೈಯಲ್ಲಿ ಪೆನ್ಸಿಲ್ ಕೊಟ್ಟಳು; ಅವನಿಗೆ ನಿಲುಕದೆ ಅವ್ವ ಗೆರೆ ಎಳೆದಳು. ಗೆರೆ ಹಿಂದಿನ ರಾತ್ರಿಯದಕ್ಕಿಂತ ಮೇಲಿತ್ತು! ವಾರವಿಡೀ ಬೆಳಗ್ಗೆ, ರಾತ್ರಿ ಅಳೆದಳು. ಬೆಳಗ್ಗೆ ಮುಕ್ಕಾಲು, ಒಂದು ಸೆಂಟಿಮೀಟರಿನಷ್ಟು ಹೆಚ್ಚು. ರಾತ್ರಿಗೆ ಮತ್ತೆ ಮೊದಲಿನಷ್ಟು. ಇದು ಅಳತೆಯ ತಪ್ಪಲ್ಲ. ನಮ್ಮ ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಹಗಲೆಲ್ಲ ಮೈಭಾರಕ್ಕೆ ಅವು ತುಸು ಅಮುಕಿಕೊಂಡು, ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ಕೆಲವು ಸೆಂಟಿಮೀಟರು ಎತ್ತರವಾಗುವುದೂ ಇದೇ ಕಾರಣಕ್ಕೆ. ಆದರೆ ಬೆಳಗಿನ ಗೆರೆ ಕೂಡ 139ನ್ನು ದಾಟಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವನಿಗೆ ಸುದ್ದಿ ಮುಟ್ಟಿತು. ಫೋನಿನಲ್ಲೇ ಪರಿಹಾರ ಹೇಳಿದ: ‘ಅಷ್ಟೇ ತಾನೆ ಭಾವ? ದಪ್ಪ ಅಟ್ಟೆ ಇರೋ ಬೂಟು ತಗೊಳ್ರಿ. ಟಿಕೇಟ್ ಕೊಳ್ಳುವಾಗ ಬರಿಗಾಲು, ಆಟಕ್ಕೆ ನಿಲ್ಲುವಾಗ ಬೂಟು.’ ಅಪ್ಪ ನಕ್ಕ. ಆದರೆ ಮಗಳ ಮುಖ ನೋಡಿದವನಿಗೆ ಆ ಮಾತು ಬರೀ ತಮಾಷೆಯಾಗಿ ಉಳಿಯಲಿಲ್ಲ. ಎರಡು ಸಲ ಕೊಟ್ಟ ಮಾತು ತಪ್ಪಿದವನು ಮೂರನೆಯ ಸಲ ಏನು ಮಾಡಲಿಕ್ಕೂ ತಯಾರಿರುತ್ತಾನೆ. ಸಿರುಗುಪ್ಪಕ್ಕೆ ಗೊಬ್ಬರದ ಬಾಕಿ ಕೊಡಲು ಹೋದವನು ಸಂಜೆ ಬರುವಾಗ ಒಂದು ಬೂಟಿನ ಡಬ್ಬಿ ಹಿಡಿದು ಬಂದ.

ಅಜ್ಜಿ ಬೂಟನ್ನು ತಿರುವಿ ತಿರುವಿ ನೋಡಿದಳು. ಯಾಕೆಂದು ಕೇಳಿದಳು. ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೊಡಾಕೊಂದು ಸೇರು, ತಗೊಳ್ಳಾಕೊಂದು ಸೇರು ಅನ್ನು’ ಎಂದಳು.

ಬೇರೆ ಮನೆಯಲ್ಲಾಗಿದ್ದರೆ ಈ ಮಾತು ಹಾಗೇ ಹೋಗುತ್ತಿತ್ತೇನೋ. ಭತ್ತ ಬೆಳೆಯುವ ಮನೆಯಲ್ಲಿ ಅದು ನಾಟದೆ ಇರಲಾರದು. ಹದಿನೈದು ದಿನದ ಹಿಂದಷ್ಟೇ ಭತ್ತ ಮಾರುವಾಗ, 75 ಕೆ.ಜಿ.ಯ ಚೀಲಕ್ಕೆ ಹಸಿ ಇದೆ, ಜೊಳ್ಳಿದೆ ಎಂದು ನೆಪ ಹೇಳಿ ತೂಕ ಮುರಿದುಕೊಂಡ ವ್ಯಾಪಾರಿಯ ಮೇಲೆ ಅಪ್ಪ ಕೂಗಾಡಿ ಬಂದಿದ್ದ. ‘ತಕ್ಕಡಿ ಎಲ್ಲರಿಗೂ ಒಂದೇ ಇರಬೇಕು’ ಎಂದು ಆ ರಾತ್ರಿ ಊಟ ಮಾಡದೆ ಮಲಗಿದ್ದ. ಈಗ ಅದೇ ಮಗಳು ಬೆಳಗ್ಗೆ ಟಿಕೇಟಿಗೆ 138, ಮಧ್ಯಾಹ್ನ ಆಟಕ್ಕೆ 140! ಅಪ್ಪ ಏನೂ ಹೇಳಲಿಲ್ಲ. ಮರುದಿನ ಬೂಟು ಅಂಗಡಿಗೆ ವಾಪಸಾಯಿತು. ಅದರ ಬದಲು ಮಗನಿಗೆ ಪಟ್ಟಿ ಕಟ್ಟುವ ಚಪ್ಪಲಿ, ನೀರಿನ ಆಟಕ್ಕೆಂದು ಇಬ್ಬರಿಗೂ ನೈಲಾನ್ ಬಟ್ಟೆ ಬಂದವು.

ಆದರೂ ಪ್ರಶ್ನೆ ಉಳಿಯಿತು: ಈಗ ಹೋಗುವುದೋ, ಕಾಯುವುದೋ? ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯುತ್ತಾರೆ. ಅಂದರೆ ನಾಲ್ಕೈದು ತಿಂಗಳು ತಡೆದರೆ ಸಾಕು. ‘ದಸರಾಕ್ಕ ಹೋಗಾಣೇನವ್ವ? ಆಗ ಎಲ್ಲಾ ಆಟ ಆಡಬಹುದು’ ಎಂದು ಅಪ್ಪ ಮಗಳನ್ನೇ ಕೇಳಿದ. ಹಾಗೆ ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ ಮಕ್ಕಳ ಪ್ರವಾಸವನ್ನು ಮಕ್ಕಳನ್ನೊಬ್ಬರನ್ನು ಬಿಟ್ಟು ಉಳಿದೆಲ್ಲರೂ ತೀರ್ಮಾನಿಸುತ್ತಾರೆ.

ಮಗಳು ಒಂದು ದಿನ ತೆಗೆದುಕೊಂಡಳು. ಮರುದಿನ ಹೇಳಿದಳು: ‘ಈಗಲೇ ಹೋಗಾಣಪ್ಪ. ದಸರಾಕ್ಕ ಕಾಲುವಿಗೆ ನೀರು ಇರ್ತೈತೋ ಇಲ್ಲೋ.’

ಅಪ್ಪ ಎದ್ದು ಎಮ್ಮೆಗೆ ಹುಲ್ಲು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋದ. ಹತ್ತು ವರ್ಷದ ಮಗು ಆಟದ ದಿನವನ್ನು ಕಾಲುವೆಯ ನೀರು ನೋಡಿ ಗೊತ್ತುಮಾಡುತ್ತದೆಂದರೆ ಅದು ಜಾಣತನವೆಂದು ಹಿಗ್ಗಬೇಕೋ, ಬೇರೇನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಯೋಜನೆ ಅವ್ವನ ಕೈಗೆ ಹೋಯಿತು. ಅವಳ ಯೋಜನೆ ಅರ್ಧ ಪುಟದಲ್ಲಿ ಮುಗಿಯಿತು. ಮೊದಲ ದಿನ ತಮ್ಮನ ಮನೆಯಲ್ಲಿ ಬರೀ ವಿಶ್ರಾಂತಿ. ಎರಡನೆಯ ದಿನ ಉದ್ಯಾನ; ಅದೂ ಶನಿವಾರ, ಭಾನುವಾರ ಬಿಟ್ಟು. ಬೆಳಗ್ಗೆ ತಂಪಿನಲ್ಲಿ ಸಣ್ಣವನ ಆಟ; ಬಿಸಿಲೇರಿದಾಗ ಎಲ್ಲರೂ ನೀರಿನಲ್ಲಿ; ಊಟವಾದ ಮೇಲೆ ಸಣ್ಣವನಿಗೆ ನೆರಳಿನಲ್ಲಿ ನಿದ್ದೆ. ಆಗ ಒಬ್ಬರು ಅವನ ಬಳಿ ಕೂತರೆ ಇನ್ನೊಬ್ಬರು ಮಗಳ ಜೊತೆ, ಆಮೇಲೆ ಅದಲುಬದಲು. ಮಗನ ಅಂಗಿಯ ಜೇಬಿನಲ್ಲಿ ಫೋನ್ ನಂಬರಿನ ಚೀಟಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕೆಂದು ಒಳಗೆ ಹೋದ ಕೂಡಲೆ ಒಂದು ಜಾಗ ತೋರಿಸುವುದು. ಓಆರ್‌ಎಸ್ ಪುಡಿ ನಾಲ್ಕು. ಹೊರಗಿನ ತಿಂಡಿ ಇಂಥ ಕಡೆ ಒಳಗೆ ಬಿಡುವುದಿಲ್ಲವಾದ್ದರಿಂದ ಊಟದ ದುಡ್ಡು ಬೇರೆ ಕಟ್ಟಿಡುವುದು.

ದೊಡ್ಡ ದೊಡ್ಡ ಉದ್ಯಾನಗಳ ಮೂಲವೂ ಇಂಥದೇ ಒಂದು ಯೋಚನೆ. ವಾಲ್ಟ್ ಡಿಸ್ನಿ ವಾರದ ರಜೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ತಿರುಗುವ ಕುದುರೆಗಳ ಮೇಲೆ. ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಒಬ್ಬನೇ. ದೊಡ್ಡವರೂ ಮಕ್ಕಳೂ ಕೂಡಿ ಸಂತೋಷಪಡುವ ಜಾಗವೊಂದಿರಬೇಕೆಂದು ಅವನಿಗೆ ಹೊಳೆದದ್ದು ಆ ಬೆಂಚಿನ ಮೇಲೆಯೇ ಎಂದು ಅವನೇ ಹೇಳಿಕೊಂಡಿದ್ದಾನೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆಯಿತು.

ಅಜ್ಜಿ ಮಾತ್ರ ಬರಲೊಪ್ಪಲಿಲ್ಲ. ಎಮ್ಮೆ ಈಯುವ ದಿನ ಹತ್ತಿರವಿತ್ತು. ‘ನೋಡಿಕೊಂಡು ಬಂದು ಹೇಳು, ಅಷ್ಟ ಸಾಕು’ ಎಂದಳು ಮೊಮ್ಮಗಳಿಗೆ.

ಹೋದರು. ಎಲ್ಲವೂ ಯೋಜನೆಯಂತೆ ನಡೆಯಿತೆಂದರೆ ಸುಳ್ಳಾದೀತು. ನಾಲ್ಕು ದಿನ ಕನಸು ಕಂಡಿದ್ದ ಮಗ ಮೊದಲ ಆಟದ ಸದ್ದಿಗೇ ಹೆದರಿ ಅವ್ವನ ಸೆರಗು ಬಿಡಲಿಲ್ಲ. ಒಂದು ತಾಸಿನ ಮೇಲೆ ನೀರಿಗಿಳಿದವನನ್ನು ಹೊರಗೆ ಎಳೆಯುವುದೇ ಸಾಹಸವಾಯಿತು. ನಿದ್ದೆ ಮಾತ್ರ ಅವ್ವ ಹೇಳಿದ ಹೊತ್ತಿಗೇ ಬಂತು.

ದೊಡ್ಡ ಆಟದ ಬಾಗಿಲಲ್ಲಿ ಅಳತೆಯ ಕಂಬವಿತ್ತು. ಮಗಳು ಬರಿಗಾಲಲ್ಲಿ, ಹಿಮ್ಮಡಿ ನೆಲಕ್ಕೂರಿ ನಿಂತಳು. ಯಾರೂ ಕರೆದಿರಲಿಲ್ಲ, ತಾನಾಗಿಯೇ ನಿಂತಳು. ಅಲ್ಲಿದ್ದಾತ ನೋಡಿ, ನಕ್ಕು, ತಲೆಯಾಡಿಸಿದ. ಅವಳು ಪಕ್ಕಕ್ಕೆ ಸರಿದು ಕಂಬಿ ಹಿಡಿದು ನಿಂತು ಬೇರೆಯವರು ಬೀಳುವುದನ್ನು ನೋಡಿದಳು. ಆಮೇಲೆ ಅಪ್ಪನ ಮೊಬೈಲ್ ಕೇಳಿ ಪಡೆದು, ಮೇಲಿಂದ ಬಿಡುವ ಹೊತ್ತು, ಕೆಳಗೆ ಮುಟ್ಟುವ ಹೊತ್ತು ಎಣಿಸಿ ಬರೆದುಕೊಂಡಳು. ಬಿದ್ದ ವಸ್ತು ಎರಡು ಸೆಕೆಂಡಿನಲ್ಲಿ ಸುಮಾರು 20 ಮೀಟರ್ ಇಳಿಯುತ್ತದೆಂಬುದನ್ನು ಅವಳು ಮುಂದಿನ ತರಗತಿಗಳಲ್ಲಿ ಕಲಿಯುತ್ತಾಳೆ. ಆ ದಿನ ಅವಳಿಗೆ ಬೇಕಿದ್ದದ್ದು ಅಜ್ಜಿಗೆ ಹೇಳಲಿಕ್ಕೆ ಏನಾದರೊಂದು. ಉಳಿದ ಆಟಗಳಲ್ಲಿ ಅಪ್ಪನೊಂದಿಗೆ ಕತ್ತಲಾಗುವವರೆಗೂ ಕೂಗಿ ಕೂಗಿ ಅವಳ ಗಂಟಲು ಕಟ್ಟಿತು.

ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಕರುವಿತ್ತು. ಅಜ್ಜಿ ಕೇಳಿದಳು: ‘ಆ ದೊಡ್ಡದು ಹತ್ತಿದೇನು?’

‘ಇಲ್ಲಜ್ಜಿ, ಎರಡು ಸೆಂಟಿಮೀಟರ್ ಬಾಕಿ ಐತಿ’ ಎಂದು ಕಟ್ಟಿದ ಗಂಟಲಲ್ಲೇ ಹೇಳಿ, ನೋಟುಬುಕ್ಕು ತೆಗೆದು ಓದತೊಡಗಿದಳು.

ಗೋಡೆಯ ಗೆರೆ ಆ ವರ್ಷದ ನವೆಂಬರಿನಲ್ಲಿ 140ನ್ನು ದಾಟಿತು. ಅದೇ ತಿಂಗಳು ಮತ್ತೊಂದು ಸುದ್ದಿಯೂ ಬಂತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನೂ ಬದಲಿಸಬೇಕಾದ್ದರಿಂದ 2025-26ರ ಎರಡನೆಯ ಬೆಳೆಗೆ ನೀರಿಲ್ಲ. ಕಾದಿದ್ದರೆ ಎತ್ತರ ಸಾಲುತ್ತಿತ್ತು, ದುಡ್ಡು ಸಾಲುತ್ತಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತನ್ನು ಆಡಲಿಲ್ಲ.

ಮಗಳು ಈಗ ಅಳತೆಗೆ ನಿಲ್ಲುವುದಿಲ್ಲ. ದಿನವೂ ಬೆಳಗ್ಗೆ ಎದ್ದು ಗೋಡೆಗೆ ನಿಲ್ಲುವವನು ತಮ್ಮ. ಅಕ್ಕ ಪೆನ್ಸಿಲ್ ಹಿಡಿದು ಬರುವಷ್ಟರಲ್ಲಿ ಅವನು ತುದಿಗಾಲ ಮೇಲೆ ಏರಿರುತ್ತಾನೆ. ಅವಳು ಅವನ ಹೆಗಲನ್ನು ಮೆಲ್ಲಗೆ ಒತ್ತುತ್ತಾಳೆ.

‘ಹಿಮ್ಮಡಿ ಕೆಳಗಿಡು. ಆಮೇಲೆ ಗೆರಿ.’